ಫೋ ಬಟ್ಟಲಲ್ಲಿ ಅಜಿನೊಮೊಟೊ ಮಾಡುವ ಕೆಲಸ

ವಿಯೆಟ್ನಾಂ ರಾಜಧಾನಿ ಹನೋಯ್‌ನ ಓಣಿಗಳಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಫೋ ಎಂಬ ಅಕ್ಕಿ ನೂಡಲ್ಸ್ ಸಾರು ಬಡಿಸುವ ಅಂಗಡಿಗಳ ಬಗ್ಗೆ ಒಂದು ಗುಮಾನಿ ಇದೆ: ಇಷ್ಟು ಅಗ್ಗಕ್ಕೆ ಇಷ್ಟು ರುಚಿ ಕೊಡಬೇಕಾದರೆ ಅಜಿನೊಮೊಟೊ ಸುರಿದಿರಲೇಬೇಕು. ಹಾಕುವುದು ನಿಜ. ಅಲ್ಲಿ ಅದನ್ನು ‘ಮೀ ಚಿನ್’ ಎನ್ನುತ್ತಾರೆ, ದಕ್ಷಿಣದವರು ‘ಸಿಹಿ ಪುಡಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಆದರೆ ರುಚಿಯೆಲ್ಲ ಆ ಪುಡಿಯದೇ ಎಂಬುದು ತಪ್ಪು. ಪುಡಿ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಮಾಂಸದ್ದು.

ನಾಲಿಗೆಯ ಮೇಲೆ ಉಮಾಮಿಯನ್ನು, ಅಂದರೆ ಮಾಂಸದ ಸಾರಿನಂಥ ಗಾಢ ರುಚಿಯನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ಅಡಕತ್ತರಿ ಎಂದುಕೊಳ್ಳಿ. ಎರಡು ದಳ, ನಡುವೆ ಒಂದು ಕೀಲು. ಅಜಿನೊಮೊಟೊದಲ್ಲಿರುವ ಗ್ಲುಟಮೇಟ್ ಅಣು ಕೀಲಿನ ಹತ್ತಿರ ಕೂತಾಗ ದಳಗಳು ಮುಚ್ಚಿಕೊಳ್ಳುತ್ತವೆ, ಮಿದುಳಿಗೆ ಸಂದೇಶ ಹೋಗುತ್ತದೆ. ಆದರೆ ಆ ಹಿಡಿತ ಸಡಿಲ. ಅಣು ಜಾರುತ್ತದೆ, ದಳ ತೆರೆದುಕೊಳ್ಳುತ್ತದೆ. ಮಾಂಸದಲ್ಲಿರುವ ಇನೋಸಿನೇಟ್ ಎಂಬ ಇನ್ನೊಂದು ಅಣು ಬಂದು ದಳಗಳ ತುದಿಯ ಬಳಿ ಕೂತರೆ ಮುಚ್ಚಿದ್ದು ಮುಚ್ಚಿದಂತೆಯೇ ನಿಲ್ಲುತ್ತದೆ. ಗ್ಲುಟಮೇಟ್ ಬಾಗಿಲು ಮುಚ್ಚುತ್ತದೆ, ಇನೋಸಿನೇಟ್ ಅಗುಳಿ ಹಾಕುತ್ತದೆ. ಬಾಗಿಲಿಲ್ಲದ ಕಡೆ ಅಗುಳಿಗೆ ಕೆಲಸವಿಲ್ಲ, ಅಗುಳಿಯಿಲ್ಲದ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿರುತ್ತದೆ. ಎರಡೂ ಸೇರಿದಾಗ ರುಚಿ ಕೂಡುವುದಿಲ್ಲ, ಗುಣಿಸುತ್ತದೆ.

ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಕಡಲಕಳೆಯಿಂದ ಗ್ಲುಟಮೇಟನ್ನು ಬೇರ್ಪಡಿಸಿದರು. ಅವರ ಶಿಷ್ಯ ಶಿಂತಾರೊ ಕೊಡಾಮಾ 1913ರಲ್ಲಿ ಒಣಮೀನಿನಲ್ಲಿ ಇನೋಸಿನೇಟನ್ನು ಗುರುತಿಸಿದರು. ಅಜಿನೊಮೊಟೊದ ಭಯ ಹುಟ್ಟಿದ್ದು ಬಹಳ ತಡವಾಗಿ. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ವೈದ್ಯರೊಬ್ಬರು ಪತ್ರ ಬರೆದು, ಚೀನೀ ಹೋಟೆಲಿನ ಊಟದ ನಂತರ ಕತ್ತು ಜೋಮು ಹಿಡಿಯುತ್ತದೆ ಎಂದರು. ಅವರು ಮುಂದಿಟ್ಟ ಕೆಲವು ಊಹೆಗಳಲ್ಲಿ ಈ ಪುಡಿಯೂ ಒಂದು, ಅಷ್ಟೆ. ಊಹೆಯೇ ತೀರ್ಪಾಗಿ ನಮ್ಮ ಗೋಬಿ ಮಂಚೂರಿಯ ಗಾಡಿಯವರೆಗೂ ಬಂತು. ಊಟವಿಲ್ಲದೆ ಒಮ್ಮೆಲೇ 3 ಗ್ರಾಂ ಅಥವಾ ಹೆಚ್ಚು ಸೇವಿಸಿದಾಗ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಮುಖ ಬಿಸಿಯಾಗುವುದು ಕಂಡಿದೆ. ಬಟ್ಟಲಿಗೆ ಬೀಳುವ ಚಿಟಿಕೆ ಅದಕ್ಕಿಂತ ಬಹಳ ಕಡಿಮೆ.

‘ಪುಡಿ ಬೇಡ’ ಎಂದು ಹೇಳಿ ಮೇಲಿಂದ ಮೀನಿನ ಸಾಸ್ ಸುರಿದುಕೊಳ್ಳುವವರು ತಿನ್ನುತ್ತಿರುವುದೂ ಗ್ಲುಟಮೇಟನ್ನೇ. ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿದ ಮೀನಿನ ಪ್ರೋಟೀನ್ ಒಡೆದು ಅದಾಗುತ್ತದೆ. ಒಂದು ದೊಡ್ಡ ಚಮಚ ಸಾಸಿನಲ್ಲಿ ಸುಮಾರು ಮೂರೂವರೆ ಗ್ರಾಂ ಉಪ್ಪೂ ಇರುತ್ತದೆ. ಉಂಡ ಮೇಲೆ ಬಾಯಾರಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಸಾರು ಕೆಡುವುದು ಬೇರೆ ಕಡೆ. ದನದ ಮೂಳೆಯನ್ನು ಹತ್ತು ನಿಮಿಷ ಕುದಿಸಿ, ಆ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಆರೇಳು ತಾಸು ಸಣ್ಣ ಉರಿಯಲ್ಲಿಡಬೇಕು. ಕೊತಕೊತ ಕುದಿಸಿದರೆ ಕೊಬ್ಬು ಒಡೆದು ನೀರಿನಲ್ಲಿ ಬೆರೆತು ಸಾರು ಬಗ್ಗಡವಾಗುತ್ತದೆ. ಸುಟ್ಟ ಶುಂಠಿ, ಈರುಳ್ಳಿ, ಚಕ್ರಮೊಗ್ಗು ಪರಿಮಳಕ್ಕೆ. ಮೂಳೆಯಿಂದ ಬರುವುದು ಮುಖ್ಯವಾಗಿ ಜೆಲಟಿನ್, ಅಂದರೆ ತುಟಿಗೆ ಅಂಟುವ ಮೈ. ಇನೋಸಿನೇಟ್ ಇರುವುದು ಮಾಂಸಖಂಡದಲ್ಲಿ. ಹಾಗಾಗಿ ಎದೆಭಾಗದ ಮಾಂಸವನ್ನೂ ಅದೇ ಪಾತ್ರೆಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ತೆಗೆದು ಹೋಳು ಮಾಡುತ್ತಾರೆ. ಆ ಮಾಂಸವನ್ನು ಕಡಿಮೆ ಮಾಡಿ ಪುಡಿಯಿಂದ ಸರಿದೂಗಿಸಲು ಹೊರಟ ಅಂಗಡಿಯ ಸಾರು ಚಪ್ಪೆ. ಯುದ್ಧ ಮತ್ತು ಪಡಿತರದ ಕಾಲದಲ್ಲಿ ಹನೋಯ್‌ನ ಜನ ಮಾಂಸವಿಲ್ಲದ ಬಟ್ಟಲಿಗೆ ‘ಚಾಲಕನಿಲ್ಲದ ಫೋ’ ಎಂದು ಹೆಸರಿಟ್ಟಿದ್ದರು. ಆಗ ಅಮೆರಿಕದ ಚಾಲಕರಹಿತ ಬೇಹು ವಿಮಾನಗಳು ತಲೆಯ ಮೇಲೆ ಹಾರುತ್ತಿದ್ದವು. ಪುಡಿ ಇತ್ತು, ಅಗುಳಿ ಇರಲಿಲ್ಲ.

ಮನೆಯಲ್ಲೇ ಪರೀಕ್ಷಿಸಬಹುದು. 250 ಮಿಲಿ ಬಿಸಿನೀರು ಒಂದು ಲೋಟದಲ್ಲಿ, ಅಷ್ಟೇ ಕೋಳಿಸಾರು ಇನ್ನೊಂದರಲ್ಲಿ. ಎರಡಕ್ಕೂ ಉಪ್ಪು ಸಮನಾಗಿರಲಿ, ತಲಾ ಅರ್ಧ ಗ್ರಾಂ ಅಜಿನೊಮೊಟೊ ಹಾಕಿ ಕಲಕಿ. ಮಾಂಸ ತಿನ್ನದವರು ಕೋಳಿಸಾರಿನ ಬದಲು ಒಣ ಶಿಟಾಕೆ ಅಣಬೆ ನೆನೆಸಿ ಬೇಯಿಸಿದ ನೀರು ಬಳಸಬಹುದು. ಅದರಲ್ಲಿರುವ ಗ್ವಾನಿಲೇಟ್ ಕೂಡ ಅದೇ ಜಾಗದಲ್ಲಿ ಕೂತು ಅಗುಳಿ ಹಾಕುತ್ತದೆ. ನೀರಿನ ಲೋಟ ನಾಲಿಗೆಗೆ ಅರೆಬರೆ ಅನಿಸುತ್ತದೆ. ಇನ್ನೊಂದರ ರುಚಿ ನುಂಗಿದ ಮೇಲೂ ಬಾಯಿ ತುಂಬ ಉಳಿದಿರುತ್ತದೆ.