ಸಿಮ್ಯುಲೇಟರಿನಲ್ಲಿ 5 ವೋಲ್ಟ್ ಬಾರದಿದ್ದಾಗ

ಮಡಿಕೇರಿ, ಪೊನ್ನಂಪೇಟೆ ಕಡೆಯ ವಿದ್ಯಾರ್ಥಿಗಳು ಸಿಮ್ಯುಲೇಟರಿನಲ್ಲಿ, ಅಂದರೆ ಸರ್ಕ್ಯೂಟನ್ನು ಕಂಪ್ಯೂಟರಿನ ಪರದೆಯ ಮೇಲೆಯೇ ಓಡಿಸಿ ನೋಡುವ ತಂತ್ರಾಂಶದಲ್ಲಿ, ರಚಿಸಿ ತೋರಿಸುವ ಡಿಸಿ ಪವರ್ ಸಪ್ಲೈಗಳು ಬಹುಮಟ್ಟಿಗೆ ಒಂದೇ ಬಗೆಯವು: 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ನಾಲ್ಕು 1ಎನ್4007 ಡಯೋಡುಗಳ ಬ್ರಿಡ್ಜ್, ಏರಿಳಿತ ತಗ್ಗಿಸುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಕೊನೆಗೆ ವೋಲ್ಟೇಜನ್ನು 5ರಲ್ಲಿ ಸ್ಥಿರವಾಗಿಡುವ 7805 ರೆಗ್ಯುಲೇಟರ್. ಔಟ್‌ಪುಟ್ ಸರಿಬಾರದಿದ್ದರೆ ಅವರ ಕೈ ಮೊದಲು ಹೋಗುವುದು ರೆಗ್ಯುಲೇಟರಿನ ಕಡೆಗೆ. ನಾನು ಮೊದಲು ನೋಡುವುದು ಗ್ರೌಂಡನ್ನು, ಅಂದರೆ ಸೊನ್ನೆ ವೋಲ್ಟ್ ಎಂದು ಗುರುತಿಸುವ ಬಿಂದುವನ್ನು.

ಗ್ರೌಂಡ್ ಎಲ್ಲಿಯೂ ಇಲ್ಲದಿದ್ದರೆ ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯಬೇಕೆಂಬುದೇ ತಂತ್ರಾಂಶಕ್ಕೆ ತಿಳಿಯದೆ ಲೆಕ್ಕ ನಿಂತುಹೋಗುತ್ತದೆ. ಇದು ಬೇಗ ಸಿಕ್ಕಿಬೀಳುವ ದೋಷ. ಹೆಚ್ಚು ಕಾಡುವುದು ಎರಡು ಕಡೆ ಇಟ್ಟ ಗ್ರೌಂಡ್. ಸೆಕೆಂಡರಿಯ (ಟ್ರಾನ್ಸ್‌ಫಾರ್ಮರಿನ 12 ವೋಲ್ಟ್ ಬದಿಯ) ಒಂದು ತುದಿಗೂ ಬ್ರಿಡ್ಜಿನ ಋಣ ತುದಿಗೂ ಗ್ರೌಂಡ್ ಕೊಟ್ಟರೆ ಅವೆರಡರ ನಡುವಿನ ಡಯೋಡ್ ಶಾರ್ಟ್ ಆಗುತ್ತದೆ. ಒಂದು ಅರ್ಧಾವರ್ತದಲ್ಲಿ ಎಲ್ಲವೂ ಸರಿಯಿರುವಂತೆ ಕಾಣುತ್ತದೆ; ಮುಂದಿನದರಲ್ಲಿ ಸೆಕೆಂಡರಿಯ ಪೂರ್ತಿ ವೋಲ್ಟೇಜ್ ಒಂದೇ ಡಯೋಡಿನ ಮೇಲೆ ಬಿದ್ದು, ನಿಜವಾದ ಡಯೋಡ್ ಸುಟ್ಟೇಹೋಗುವಷ್ಟು ಕರೆಂಟ್ ಹರಿಯುತ್ತದೆ. ಪರದೆಯ ಮೇಲೆ ಹೊಗೆ ಏಳುವುದಿಲ್ಲವಾದ್ದರಿಂದ ಡಯೋಡಿನ ಕರೆಂಟನ್ನು ಕಡ್ಡಾಯವಾಗಿ ನೋಡಬೇಕು. ಗ್ರೌಂಡ್ ಇರಬೇಕಾದದ್ದು ಡಿಸಿ ಬದಿಯ ಋಣ ತುದಿಯಲ್ಲಿ ಮಾತ್ರ.

ಇನ್ನು ಅಂಕಿಗಳು. ಸ್ಪೈಸ್ ಮಾದರಿಯ ತಂತ್ರಾಂಶಗಳ ಸೈನ್ ಮೂಲಕ್ಕೆ ಕೊಡಬೇಕಾದದ್ದು ಗರಿಷ್ಠ ಮೌಲ್ಯ, ಅಂದರೆ 230 ಅಲ್ಲ, 325. ಅಲ್ಲಿ ಅಂಕಿಯ ನಂತರ ಬರೆಯುವ ಎಫ್ ಎಂದರೆ ಫ್ಯಾರಡ್ ಅಲ್ಲ, ಫೆಮ್ಟೋ ಎಂಬ ಅತಿ ಸಣ್ಣ ಅಳತೆ. ಎಂ ಎಂದರೆ ಮೆಗಾ ಅಲ್ಲ, ಮಿಲಿ.

ಇಷ್ಟನ್ನು ತಿದ್ದಿದ ಮೇಲೆ 5 ವೋಲ್ಟ್ ಬರುತ್ತದೆ, ವಿದ್ಯಾರ್ಥಿ ಅಲ್ಲಿಗೇ ನಿಲ್ಲಿಸುತ್ತಾನೆ. ಕೊಡಗಿನಲ್ಲಿ ಅಲ್ಲಿಗೆ ನಿಲ್ಲಿಸಬಾರದೆಂಬುದು ನನ್ನ ಒತ್ತಾಯ. ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ, ತೋಟದ ಲೈನ್ ಮನೆಗಳಂಥ ತಂತಿಯ ಕೊನೆಯ ಜಾಗಗಳಲ್ಲಿ 230 ವೋಲ್ಟನ್ನು ನಂಬಿಕೊಳ್ಳುವಂತಿಲ್ಲ. ಮೂಲವನ್ನು 180ಕ್ಕೆ (ಗರಿಷ್ಠ ಮೌಲ್ಯ ಸುಮಾರು 255ಕ್ಕೆ) ಇಳಿಸಿ ಮತ್ತೆ ಓಡಿಸಿ ನೋಡಿ. ಸೆಕೆಂಡರಿಯಲ್ಲಿ 9.4 ವೋಲ್ಟ್, ಅದರ ಗರಿಷ್ಠ 13.3, ಎರಡು ಡಯೋಡುಗಳಲ್ಲಿ 1.4 ಕಳೆದರೆ ಉಳಿಯುವುದು 11.9. ಅರ್ಧ ಆಂಪಿಯರ್ ಎಳೆದಾಗ 100 ಹರ್ಟ್ಸ್ ಏರಿಳಿತ 1000 ಮೈಕ್ರೋಫ್ಯಾರಡಿಗೆ ಸುಮಾರು 5 ವೋಲ್ಟ್, ಹಾಗಾಗಿ ತಗ್ಗು 6.9ಕ್ಕೆ ಇಳಿಯುತ್ತದೆ. 7805ಕ್ಕೆ ಸುಮಾರು 7 ವೋಲ್ಟಾದರೂ ಬೇಕು. ಸೂತ್ರದ ಈ ಲೆಕ್ಕ ನಿಜಕ್ಕಿಂತ ತುಸು ಕಠಿಣವೇ, ಆದರೂ ಅಂಚಿನಲ್ಲಿ ನಿಂತ ಸರ್ಕ್ಯೂಟನ್ನು ನಾನು ಒಪ್ಪುವುದಿಲ್ಲ. 2200 ಮೈಕ್ರೋಫ್ಯಾರಡ್ ಹಾಕಿದರೆ ತಗ್ಗು 9.6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಮಾತ್ರ 25 ವೋಲ್ಟ್ ತಾಳುವ ಕೆಪಾಸಿಟರನ್ನೇ ಕೇಳಿ; ವಿದ್ಯುತ್ ಪೂರ್ತಿ ಇದ್ದು ಲೋಡ್ ಕಡಿಮೆಯಿದ್ದಾಗ ಅದರ ಮೇಲೆ 16 ವೋಲ್ಟಿಗೂ ಹೆಚ್ಚು ಬೀಳಬಹುದು, ಇದನ್ನು ಸಿಮ್ಯುಲೇಟರ್ ಸಾಮಾನ್ಯವಾಗಿ ತಾನಾಗಿ ಎಚ್ಚರಿಸುವುದಿಲ್ಲ.