ಕ್ಯಾಟ್‌ಫಿಶ್‌ನ ಗಾಯಕ್ಕೆ ಮೊದಲು ಔಷಧವೋ, ನೀರೋ?

ಪ್ರಶ್ನೆ: ನಮ್ಮ ಮನೆಯ ಅಕ್ವೇರಿಯಂನಲ್ಲಿರುವ ಕ್ಯಾಟ್‌ಫಿಶ್‌ನ ಪಕ್ಕೆಯಲ್ಲಿ ಚರ್ಮ ಸುಲಿದು ಕೆಂಪಾಗಿದೆ. ಅಂಗಡಿಯವರು ನೀಲಿ ಔಷಧ ಕೊಟ್ಟಿದ್ದಾರೆ. ಅದನ್ನು ತೊಟ್ಟಿಗೆ ಹಾಕಬಹುದೇ?
– ಓದುಗರೊಬ್ಬರು, ರಾಯಚೂರು

ಉತ್ತರ: ದಯವಿಟ್ಟು ಈಗಲೇ ಹಾಕಬೇಡಿ. ನೀಲಿ ಔಷಧವೆಂದರೆ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. ಅದು ಶಿಲೀಂಧ್ರವನ್ನು ತಡೆಯುತ್ತದೆಯಾದರೂ, ಮೀನಿನ ಹೊಲಸನ್ನು ಅರಗಿಸುವ ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೂ ಧಕ್ಕೆ ತರುತ್ತದೆ; ಆಗ ಹೊಲಸಿನಿಂದ ಹುಟ್ಟುವ ವಿಷವಾದ ಅಮೋನಿಯಾ ಏರಿ ಗಾಯ ಇನ್ನಷ್ಟು ಕೆಡುತ್ತದೆ. ಕ್ಯಾಟ್‌ಫಿಶ್‌ಗಳಿಗೆ ಹುರುಪೆ ಇರುವುದಿಲ್ಲ. ಹೀಗಾಗಿ ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್, ತಾಮ್ರ ಬೆರೆತ ಔಷಧಗಳು ಬೇರೆ ಮೀನುಗಳಿಗಿಂತ ಇವುಗಳನ್ನು ಬೇಗ ಬಾಧಿಸುತ್ತವೆ.

ಮೊದಲ ಚಿಕಿತ್ಸೆ ನೀರಿನದೇ. ನಮ್ಮ ಭಾಗದ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು ಮತ್ತು ಕ್ಷಾರೀಯ. ಕ್ಷಾರ ಮತ್ತು ಸೆಕೆ ಎರಡೂ ಹೆಚ್ಚಿದಷ್ಟು ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಬೇಸಿಗೆಯಲ್ಲಿ ಕಾದ ನೀರಿನಲ್ಲಿ ಆಮ್ಲಜನಕವೂ ಕಡಿಮೆಯಾಗುವುದರಿಂದ ಏರ್ ಪಂಪ್ ಸದಾ ಓಡುತ್ತಿರಲಿ. ಅಮೋನಿಯಾ ಮತ್ತು ಅದರಿಂದಲೇ ಹುಟ್ಟುವ ಇನ್ನೊಂದು ವಿಷವಾದ ನೈಟ್ರೈಟ್ ಎರಡೂ ಸೊನ್ನೆಯಲ್ಲಿವೆಯೇ ಎಂದು ಟೆಸ್ಟ್ ಕಿಟ್‌ನಿಂದ ನೋಡಿ, ದಿನಕ್ಕೆ ಕಾಲು ಭಾಗದಷ್ಟು ನೀರು ಬದಲಿಸಿ. ನಳದ ನೀರಾದರೆ ಮೊದಲು ಆಂಟಿ-ಕ್ಲೋರಿನ್ ಹಾಕಿ, ತೊಟ್ಟಿಯ ಉಷ್ಣತೆಗೆ ಹೊಂದಿಸಿಯೇ ಸುರಿಯಿರಿ.

ಮುಂದಿನದು ಉಪ್ಪು. ಸಿಹಿನೀರಿನ ಮೀನಿನ ಗಾಯದ ಮೂಲಕ ನೀರು ಒಳಗೆ ನುಗ್ಗಿ, ಮೈಯ ಲವಣ ಹೊರಗೆ ಸೋರುತ್ತಿರುತ್ತದೆ. ತುಸು ಉಪ್ಪು ಆ ಶ್ರಮವನ್ನು ತಗ್ಗಿಸುತ್ತದೆ. ಕ್ಯಾಟ್‌ಫಿಶ್‌ಗೆ ಲೀಟರಿಗೆ 1 ಗ್ರಾಂ ಸಾಕು. 50 ಲೀಟರಿನ ತೊಟ್ಟಿಗೆ ಬೇಕಾದ 50 ಗ್ರಾಂ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಮೂರು ಪಾಲು ಮಾಡಿ ಒಂದು ದಿನದ ಅವಧಿಯಲ್ಲಿ ಸೇರಿಸಿ. ಆವಿಯಾಗುವುದು ನೀರೇ ಹೊರತು ಉಪ್ಪಲ್ಲ. ಆದ್ದರಿಂದ ಬತ್ತಿದ ನೀರನ್ನು ತುಂಬಿಸುವಾಗ ಮತ್ತೆ ಉಪ್ಪು ಹಾಕಬಾರದು, ಹೊರಗೆ ತೆಗೆದ ನೀರಿನ ಪಾಲಿಗಷ್ಟೇ ಹಾಕಬೇಕು. ಜೀವಂತ ಗಿಡಗಳಿದ್ದರೆ ಮೀನನ್ನು ಬೇರೆ ತೊಟ್ಟಿಗೆ ಸಾಗಿಸುವುದು ಲೇಸು. ಆದರೆ ಬಲೆ ಬಳಸಬೇಡಿ. ಈಜುರೆಕ್ಕೆಯ ಮುಳ್ಳು ಅದರಲ್ಲಿ ಸಿಕ್ಕಿಕೊಂಡು ಹೊಸ ಗಾಯವಾಗುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ನೀರಿನ ಸಮೇತ ಹಿಡಿಯಿರಿ. ಗಾಯಕ್ಕೆ ಅರಿಶಿನ ಬಳಿಯುವುದೂ ಬೇಡ, ಮೀನನ್ನು ಕೈಯಲ್ಲಿ ಹಿಡಿದರೆ ಅದರ ಮೈಯ ರಕ್ಷಕ ಲೋಳೆಯೇ ಅಳಿಸಿಹೋಗುತ್ತದೆ.

ಗಾಯಕ್ಕೆ ಕಾರಣವನ್ನೂ ಹುಡುಕಿ: ಚೂಪಾದ ಕಲ್ಲು, ಮುಚ್ಚಳವಿಲ್ಲದ ಹೀಟರ್, ರಾತ್ರಿ ಕಚ್ಚುವ ಜೊತೆಮೀನು. ಕಾರಣ ಉಳಿದರೆ ಗಾಯವೂ ಉಳಿಯುತ್ತದೆ.

ದೀಪ ಆರಿಸಿ, ಅಡಗಲು ಜಾಗ ಕೊಟ್ಟು, ಮೇವು ಕಡಿಮೆ ಮಾಡಿದರೆ ಸಣ್ಣ ಗಾಯ ತಾನಾಗಿಯೇ ಮಾಯುತ್ತದೆ. ಹತ್ತಿಯಂಥ ಬಿಳಿ ಬೂಸು ಬೆಳೆದರೆ ಅದು ಶಿಲೀಂಧ್ರವೂ ಆಗಿರಬಹುದು, ಸೆಕೆಯಲ್ಲಿ ವೇಗವಾಗಿ ಹರಡುವ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗವೂ ಆಗಿರಬಹುದು. ಎರಡಕ್ಕೂ ಔಷಧ ಬೇರೆ. ಹಾಗಾಗಿ ಬೂಸು ಕಂಡರೆ, ಗಾಯದ ಅಂಚು ಕೆಂಪಾಗಿ ಅಗಲವಾದರೆ, ಇಲ್ಲವೇ ಮೀನು ಮೇವು ಬಿಟ್ಟರೆ, ಊಹೆಯಿಂದ ಆ್ಯಂಟಿಬಯಾಟಿಕ್ ಸುರಿಯದೆ, ಗಾಯದ ಸ್ಪಷ್ಟ ಚಿತ್ರ ಮತ್ತು ನೀರಿನ ಪರೀಕ್ಷೆಯ ಅಂಕಿಗಳೊಂದಿಗೆ ಪಶುವೈದ್ಯರನ್ನು ಕಾಣಿ.