ಬ್ಯಾಕ್ಟೀರಿಯಾ ಅಲ್ಲೇ ಇದೆ, ಯೂರಿಯಾ ಇಲ್ಲ

‘ಸಾರ್, ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಪುಡಿ ಸಿಗುತ್ತಂತಲ್ಲ, ಒಂದೆರಡು ಕೆಜಿ ಕೊಡಿಸಿ.’ ಮೈಸೂರಿನ ಮೇಟಗಳ್ಳಿ, ಹೆಬ್ಬಾಳದ ಕಡೆಯ ವರ್ಕ್‌ಶಾಪ್‌ನವರು ನನ್ನ ಹತ್ತಿರ ಆಡುವ ಮೊದಲ ಮಾತೇ ಇದು. ಎಣ್ಣೆ ಬಿದ್ದು ಕೆಟ್ಟ ಮಣ್ಣನ್ನು, ಕಾರ್ಖಾನೆಯ ಕೊಳಕು ನೀರನ್ನು ಸೂಕ್ಷ್ಮಜೀವಿಗಳಿಂದ ಸರಿಮಾಡಿಸುವುದು ನನ್ನ ಕಸುಬು. 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ತನ್ನ ಇಂಧನದ ಎಣ್ಣೆ ಸಮೇತ ಮುಳುಗಿದಾಗ ಇದೇ ಪ್ರಶ್ನೆ ದೊಡ್ಡದಾಗಿ ಬಂತು. ಬಂಗುಡೆ, ಭೂತಾಯಿ ಮೀನು ಕೊಳ್ಳುವವರಿಗೆ ಆಗ ದಿಗಿಲು. ‘ಆ ಪುಡೀನ ಸಮುದ್ರಕ್ಕೆ ಸುರಿಯೋಕೆ ಏನು ಕಷ್ಟ?’ ಅಂತ ಕೇಳಿದವರೇ ಜಾಸ್ತಿ.

ಕಷ್ಟವೇನಿಲ್ಲ, ಉಪಯೋಗ ಕಡಿಮೆ. ಯಾಕೆಂದರೆ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಸಮುದ್ರದಲ್ಲಿ ಮೊದಲಿಂದಲೂ ಇವೆ. ಸಮುದ್ರದ ತಳದ ಬಿರುಕುಗಳಿಂದ ಕಚ್ಚಾ ತೈಲ ಲಕ್ಷಾಂತರ ವರ್ಷಗಳಿಂದ ಜಿನುಗುತ್ತಲೇ ಇದೆ. ಅದು ಸಾಲದು ಅಂತ, ಬಿಸಿಲಲ್ಲಿ ಆಹಾರ ಮಾಡಿಕೊಳ್ಳುವ ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾಗಳೂ ತಮ್ಮ ಮೈಯಲ್ಲಿ ಡೀಸೆಲ್‌ನಲ್ಲಿರುವಂಥದೇ ಹೈಡ್ರೋಕಾರ್ಬನ್ (ಇಂಗಾಲ, ಜಲಜನಕ ಸೇರಿದ ಎಣ್ಣೆಯಂಶ) ತಯಾರಿಸುತ್ತವೆ. ತಿನ್ನುವವರು ಹುಟ್ಟಿಕೊಳ್ಳದೇ ಇರುತ್ತಾರಾ? ಅವುಗಳಲ್ಲಿ ಹೆಸರುವಾಸಿಯಾದದ್ದು ಆಲ್ಕನಿವೊರಾಕ್ಸ್ ಬೋರ್ಕುಮೆನ್ಸಿಸ್. ಉತ್ತರ ಸಮುದ್ರದ ಬೋರ್ಕುಮ್ ದ್ವೀಪದ ಹತ್ತಿರ ಸಿಕ್ಕಿದ್ದರಿಂದ ಆ ಹೆಸರು. ಎಣ್ಣೆ ಬೀಳದ ಸಮುದ್ರದ ನೀರಿನಲ್ಲಿ ಹುಡುಕಿದರೂ ಕಷ್ಟಪಟ್ಟು ಸಿಗುತ್ತದೆ. ಎಣ್ಣೆ ಬಿತ್ತೋ, ಕೆಲವೇ ದಿನಗಳಲ್ಲಿ ಅದರದ್ದೇ ರಾಜ್ಯ.

ಹಾಗಾದರೆ ಚೆಲ್ಲಿದ ಎಣ್ಣೆ ವರ್ಷಗಟ್ಟಲೆ ಉಳಿಯುವುದೇಕೆ? ಇದನ್ನು ನಾನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಹೆಚ್ಚು. ಎರಡು ಗಾಜಿನ ಫ್ಲಾಸ್ಕ್. ಎರಡಕ್ಕೂ ಅದೇ ನೀರು, ಗ್ಯಾರೇಜಿನ ಒಂದೊಂದು ಚಿಟಿಕೆ ಮಣ್ಣು, ಒಂದಿಷ್ಟು ಡೀಸೆಲ್. ಒಂದಕ್ಕೆ ಮಾತ್ರ ಸಾರಜನಕಕ್ಕೆ ಚೂರು ಯೂರಿಯಾ, ರಂಜಕಕ್ಕೆ ಚೂರು ಡಿಎಪಿ ಗೊಬ್ಬರ. ಎರಡನ್ನೂ ಅಲ್ಲಾಡಿಸುವ ಯಂತ್ರದ ಮೇಲೆ ಇಟ್ಟುಬಿಡುವುದು. ವಾರ ಕಳೆಯುವಷ್ಟರಲ್ಲಿ ಗೊಬ್ಬರ ಹಾಕಿದ್ದರಲ್ಲಿ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿರುತ್ತದೆ. ಮೇಲೆ ಹಾಳೆಯಂತೆ ನಿಂತಿದ್ದ ಡೀಸೆಲ್ ಒಡೆದು ಸಣ್ಣ ಹನಿಗಳಾಗಿ ನೀರಿನೊಳಗೆ ಇಳಿದಿರುತ್ತದೆ. ಬ್ಯಾಕ್ಟೀರಿಯಾ ತಾವೇ ಒಂಥರಾ ಸೋಪು ತಯಾರಿಸಿ ಎಣ್ಣೆಯನ್ನು ಒಡೆದುಕೊಳ್ಳುತ್ತವೆ. ಮುಚ್ಚಳ ತೆಗೆದರೆ ಡೀಸೆಲ್ ವಾಸನೆಯೂ ಮಂದವಾಗಿರುತ್ತದೆ. ಪಕ್ಕದ ಫ್ಲಾಸ್ಕ್? ಹೆಚ್ಚೂಕಡಿಮೆ ಇಟ್ಟ ಹಾಗೇ ಇರುತ್ತದೆ.

ಎಣ್ಣೆ ಅಂದರೆ ಬಹುಪಾಲು ಇಂಗಾಲ ಮತ್ತು ಜಲಜನಕ. ಸಾರಜನಕ, ರಂಜಕ ಇಲ್ಲವೆಂದೇ ಹೇಳಬಹುದು. ಇವೆರಡಿಲ್ಲದೆ ಬ್ಯಾಕ್ಟೀರಿಯಾ ಮರಿ ಹಾಕುವುದಿಲ್ಲ. ಕಬ್ಬು ಬೆಳೆಯುವ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರು ಪಾಲು ಇಂಗಾಲಕ್ಕೆ ಹತ್ತು ಪಾಲು ಸಾರಜನಕ, ಒಂದು ಪಾಲು ರಂಜಕ ಅನ್ನುವುದು ನಮ್ಮ ಕಸುಬಿನ ಅಂದಾಜು ಲೆಕ್ಕ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದು ಅಲಾಸ್ಕಾದಲ್ಲಿ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿತು. ದಡದ ಕಲ್ಲುಗಳಿಗೆ ಗೊಬ್ಬರ ಸಿಂಪಡಿಸಿದರು. ಬರೀ ಯೂರಿಯಾ ಹಾಕಿದ್ದರೆ ಮೊದಲ ಅಲೆಗೇ ಕೊಚ್ಚಿಹೋಗುತ್ತಿತ್ತು. ಅದಕ್ಕೆ ಎಣ್ಣೆಗೆ ಅಂಟಿ ಕೂರುವಂಥ ಯೂರಿಯಾ ಮಿಶ್ರಣವನ್ನೇ ಬಳಸಿದರು. ಎರಡು ವಾರದ ಸುಮಾರಿಗೆ ಸಿಂಪಡಿಸಿದ ಜಾಗದ ಕಲ್ಲುಗಳು ಬೆಳ್ಳಗೆ ಎದ್ದು ಕಾಣತೊಡಗಿದವು. ಮಾರಾಟಕ್ಕಿದ್ದ ಬ್ಯಾಕ್ಟೀರಿಯಾವನ್ನೂ ಅಲ್ಲೇ ಪರೀಕ್ಷೆ ಮಾಡಿದರು. ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹೊರಗಿನಿಂದ ತಂದು ಬಿಟ್ಟವು ಆ ಉಪ್ಪು, ಆ ಚಳಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಊರಿನವು ಊಟಕ್ಕೆ ಕೂತಿರುತ್ತವೆ.

ನಮ್ಮವರೇ ಆದ ವಿಜ್ಞಾನಿ ಆನಂದ ಮೋಹನ್ ಚಕ್ರವರ್ತಿ ಅಮೆರಿಕದಲ್ಲಿ ಹಲವು ಬಗೆಯ ಹೈಡ್ರೋಕಾರ್ಬನ್ ಒಟ್ಟಿಗೆ ತಿನ್ನುವ ಬ್ಯಾಕ್ಟೀರಿಯಾ ರೂಪಿಸಿದ್ದರು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದಕ್ಕೆ ಪೇಟೆಂಟ್ ಕೊಡಬಹುದು ಅಂದಿತು. ಕಾನೂನಿನ ಚರಿತ್ರೆಯಲ್ಲಿ ಆ ಜೀವಿಗೆ ದೊಡ್ಡ ಜಾಗ ಸಿಕ್ಕಿತು, ಸಮುದ್ರದಲ್ಲಿ ಸಿಗಲಿಲ್ಲ. ಹಾಗಂತ ಪುಡಿಗಳೆಲ್ಲ ಸುಳ್ಳು ಅನ್ನಲಾರೆ. ದೆಹಲಿಯ ಟೆರಿ ಸಂಶೋಧನಾ ಸಂಸ್ಥೆ ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಬ್ಯಾಕ್ಟೀರಿಯಾ ಬೆರೆಸಿ ‘ಆಯಿಲ್‌ಜಾಪರ್’ ಮಾಡಿದೆ. ರಿಫೈನರಿಯ ಎಣ್ಣೆ ಕೆಸರಿಗೆ ಅದನ್ನು ಬಳಸುತ್ತಾರೆ. ಅದು ನೆಲದ ಮೇಲಿನ ಕೆಲಸ. ಗುಂಡಿ ನಮ್ಮದು, ನೀರು ನಮ್ಮ ಕೈಯಲ್ಲಿ, ಗೊಬ್ಬರ ಎಲ್ಲೂ ಕೊಚ್ಚಿಹೋಗುವುದಿಲ್ಲ.

ಇನ್ನು ಗಾಳಿಯ ಲೆಕ್ಕ. ಒಂದು ಲೀಟರ್ ಎಣ್ಣೆಯನ್ನು ಬ್ಯಾಕ್ಟೀರಿಯಾ ಪೂರ್ತಿ ತಿಂದು ಮುಗಿಸಲು ಸುಮಾರು 3 ಕೆಜಿ ಆಮ್ಲಜನಕ ಬೇಕು. ಬೆಚ್ಚಗಿನ ಸಮುದ್ರದ ನೀರಿನಲ್ಲಿ ಲೀಟರಿಗೆ 6 ಮಿಲಿಗ್ರಾಂ ಆಸುಪಾಸು ಇರುತ್ತದೆ. ಅಂದರೆ ಒಂದೇ ಲೀಟರ್ ಎಣ್ಣೆಗೆ 5 ಲಕ್ಷ ಲೀಟರ್ ನೀರಿನ ಆಮ್ಲಜನಕ! ತೆರೆದ ಕಡಲಿನಲ್ಲಿ ಅಲೆಗಳು ಗಾಳಿ ಬೆರೆಸುತ್ತಲೇ ಇರುವುದರಿಂದ ನಡೆಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿಗೆ ಇಳಿದ ಎಣ್ಣೆಗೆ ಆ ಗಾಳಿ ಸಿಗುವುದಿಲ್ಲ. ಅಲ್ಲಿ ಅದು ದಶಕಗಟ್ಟಲೆ ಕೂರುತ್ತದೆ. ಅಲಾಸ್ಕಾದಲ್ಲೂ ಕಲ್ಲುಗಳ ಕೆಳಗೆ ಹೂತುಹೋದ ಎಣ್ಣೆ ಹತ್ತು ವರ್ಷ ದಾಟಿದ ಮೇಲೂ ಸಿಕ್ಕಿತು.

ಎಲ್ಲ ಎಣ್ಣೆಯೂ ಒಂದೇ ಅಲ್ಲ. ಎಲ್ಸಾದಲ್ಲಿ 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್ ಇತ್ತು. ಡೀಸೆಲ್ ಒಂದಷ್ಟು ಆವಿಯಾಗುತ್ತದೆ, ಉಳಿದದ್ದನ್ನು ಬ್ಯಾಕ್ಟೀರಿಯಾ ಇಷ್ಟಪಟ್ಟು ತಿನ್ನುತ್ತವೆ. ಫರ್ನೇಸ್ ಆಯಿಲ್‌ನಲ್ಲಿ ಡಾಂಬರಿನಂಥ ಭಾಗ ಜಾಸ್ತಿ, ಅದನ್ನು ಮುಟ್ಟುವುದೇ ಕಡಿಮೆ. ಹಾಗಾಗಿ ಗಟ್ಟಿ ಎಣ್ಣೆ ದಡಕ್ಕೆ ಬಂದರೆ ಮೊದಲು ಬಾಚಿ ಎತ್ತಬೇಕು. 2017ರ ಜನವರಿಯಲ್ಲಿ ಚೆನ್ನೈ ಬಳಿ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನ ಬಕೆಟ್ ಹಿಡಿದು ಎತ್ತಿದ್ದನ್ನು ನೋಡಿ ಹಲವರು ನಕ್ಕರು. ನನಗೇನೂ ನಗು ಬರಲಿಲ್ಲ. ಕೈಯಲ್ಲಿ ಎತ್ತುವ ಹಾಗಿದ್ದರೆ ಎತ್ತುವುದೇ ಸರಿ. ಬ್ಯಾಕ್ಟೀರಿಯಾ ಪಾಳಿ ಶುರುವಾಗುವುದು ಬಕೆಟ್ಟಿಗೆ ಸಿಗದ ತೆಳು ಪದರದಿಂದ.

ನಮ್ಮ ವರ್ಕ್‌ಶಾಪ್, ಪಂಪ್‌ಸೆಟ್ ಮನೆಗಳಿಗೂ ಕ್ರಮ ಅದೇ. ಡೀಸೆಲ್ ಚೆಲ್ಲಿದರೆ ಮರದ ಹೊಟ್ಟು ಹಾಕಿ ಹೀರಿಸಿ ಎತ್ತಿ. ಎತ್ತಿದ ಹೊಟ್ಟನ್ನು ಬೆಂಕಿಯಿಂದ ದೂರ ಇಡಿ. ಉಳಿದ ಮಣ್ಣನ್ನು ಮಳೆನೀರು ಹರಿದುಹೋಗದ ಕಡೆ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ ತೆಳ್ಳಗೆ ಹರಡಿ. ಸ್ವಲ್ಪ ಯೂರಿಯಾ, ಡಿಎಪಿ ಬೆರೆಸಿ, ಒದ್ದೆ ಆರದ ಹಾಗೆ ನೋಡಿಕೊಂಡು ವಾರಕ್ಕೊಮ್ಮೆ ಮಗುಚಿ. ಗೊಬ್ಬರ ಅತಿಯಾದರೆ ಬ್ಯಾಕ್ಟೀರಿಯಾಗಳೂ ಸೊರಗುತ್ತವೆ. ತಿಂಗಳುಗಳು ಹಿಡಿಯುತ್ತದೆ, ಅವಸರ ಬೇಡ. ಆದರೆ ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಬಿದ್ದ ಮಣ್ಣನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿ ಸತು, ತಾಮ್ರ ಇರುತ್ತವೆ, ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಆ ಮಣ್ಣನ್ನು ಲ್ಯಾಬ್ ಪರೀಕ್ಷೆ ಇಲ್ಲದೆ ತೋಟಕ್ಕೆ ಹಾಕಬೇಡಿ, ಆ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಪರವಾನಗಿ ಇರುವ ಮರುಬಳಕೆಯವರಿಗೇ ಕೊಡಿ.